ತಲಪಾಡಿ ದಾಟುವ ಬೈಕು, ದೇಶ ದಾಟುವ ಡ್ರೋನು

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಚಾಟ್‌ನಲ್ಲಿ ಬಂದಿದೆ, ಹಾಗಾಗಿ ಶುರು ಮಾಡ್ತೇನೆ. ಗಡಿ ಅಂದ ಕೂಡಲೇ ನಾವು ಸಾಮಾನ್ಯವಾಗಿ ಶಾಲೆಯ ಮಾಧ್ಯಮ, ಕಚೇರಿಯ ಅರ್ಜಿ ನಮೂನೆಯ ಭಾಷೆ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇಂಥವನ್ನು ಮಾತಾಡ್ತೇವೆ. ಇವತ್ತಿನ ವಿಷಯ ಅದಕ್ಕಿಂತ ಸ್ವಲ್ಪ ಮೇಲೆ, ಅಂದರೆ ಅಕ್ಷರಶಃ ಮೇಲೆ. ರಜೆಯಲ್ಲಿ ವಿದೇಶಕ್ಕೆ ಹೋಗುವಾಗ ಹವ್ಯಾಸದ ಡ್ರೋನ್ ಒಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ಯಾವ ಯಾವ ನಿಯಮಕ್ಕೆ ಒಳಪಡ್ತೇವೆ ಅನ್ನುವುದು. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಗಲ್ಫ್‌ಗೆ ಹೋಗಿಬರುವವರು ಎಷ್ಟು ಅಂತ ಇಲ್ಲಿ ಹೇಳಬೇಕಾಗಿಲ್ಲ. ಈಗ ಅವರ ಸಾಮಾನಿನಲ್ಲಿ ಡ್ರೋನೂ ಇರ್ತದೆ. ಕೋಲ, ಯಕ್ಷಗಾನ, ಮದುವೆ ಎಲ್ಲವನ್ನೂ ಮೇಲಿಂದ ಚಿತ್ರೀಕರಿಸುವ ವಿದ್ಯಾರ್ಥಿಗಳು ನಮ್ಮಲ್ಲೂ ಇದ್ದಾರೆ. ಅವರು ನಾಳೆ ಅದೇ ಯಂತ್ರವನ್ನು ಹಿಡ್ಕೊಂಡು ವಿಮಾನ ಹತ್ತುವವರು.

ಮೊದಲು ಒಂದು ತಪ್ಪು ಹೋಲಿಕೆಯನ್ನು ಬಿಡಿಸಿಕೊಳ್ಳಬೇಕು. ಗಡಿನಾಡಿನ ನಾವು ಡ್ರೋನನ್ನು ವಾಹನದ ಹಾಗೆ ಯೋಚಿಸ್ತೇವೆ. ಕೆ.ಎಲ್. 14 ನಂಬರಿನ ಬೈಕು ತಲಪಾಡಿ ದಾಟಿ ಮಂಗಳೂರಿನಲ್ಲಿ ಓಡ್ತದೆ. ತಿಂಗಳುಗಟ್ಟಲೆ ಅಲ್ಲೇ ಇಟ್ಟುಕೊಂಡರೆ ತೆರಿಗೆಯ ತಕರಾರು ಬರಬಹುದು, ಆದರೆ ದಾಟಿದ ಕೂಡಲೇ ಯಾರೂ ಅದನ್ನು ಬೈಕು ಅಲ್ಲ ಅನ್ನುವುದಿಲ್ಲ. ದೇಶದ ಹೊರಗೂ ಹಾಗೆಯೇ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಎಷ್ಟೋ ದೇಶಗಳಲ್ಲಿ ನಡೀತದೆ. ಡ್ರೋನಿಗೆ ಇಂಥ ಕಾಗದ ಯಾವುದೂ ಇಲ್ಲ. ನಮ್ಮ 2021ರ ಡ್ರೋನ್ ನಿಯಮಗಳ ಪ್ರಕಾರ ಸಿಗುವ ಗುರುತಿನ ಸಂಖ್ಯೆ, ಪೈಲಟ್ ಪ್ರಮಾಣಪತ್ರ ಇವೆಲ್ಲ ತಲಪಾಡಿಯ ಎರಡೂ ಬದಿಗೆ ಸಮಾನ, ಹೊಸೂರಿಗೂ ಅಕ್ಕಲಕೋಟೆಗೂ ಸಮಾನ, ಯಾಕೆಂದರೆ ಆಕಾಶ ಕೇಂದ್ರದ ವಿಷಯ. ಭಾರತದ ಹೊರಗೆ ಮಾತ್ರ ಅವು ಬರೀ ಕಾಗದ.

ಇದರ ಬೇರು 1944ರಲ್ಲಿದೆ. ಆ ವರ್ಷ ಡಿಸೆಂಬರ್ 7ರಂದು ಶಿಕಾಗೋದಲ್ಲಿ ಸಹಿಯಾದ ನಾಗರಿಕ ವಿಮಾನಯಾನ ಒಪ್ಪಂದದ ಒಂದನೇ ವಿಧಿಯೇ ಪ್ರತಿ ದೇಶಕ್ಕೆ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಸಾರ್ವಭೌಮತ್ವ ಉಂಟು ಅಂತ ಹೇಳ್ತದೆ. ಎಂಟನೇ ವಿಧಿ ಇನ್ನೂ ಸ್ವಾರಸ್ಯಕರ: ಪೈಲಟ್ ಇಲ್ಲದ ವಿಮಾನವನ್ನು ಇನ್ನೊಂದು ದೇಶದ ಮೇಲೆ ಹಾರಿಸಲು ಆ ದೇಶದ ವಿಶೇಷ ಅನುಮತಿ ಬೇಕು. ನಮ್ಮ ಕೈಯ ಆಟಿಕೆ ಕ್ವಾಡ್‌ಕಾಪ್ಟರನ್ನು ಆಗ ಯಾರೂ ಊಹಿಸಿರಲಿಕ್ಕಿಲ್ಲ. ಆದರೆ ತತ್ವ ಆಗಲೇ ಬರೆದಿಟ್ಟಾಗಿತ್ತು. 36ನೇ ವಿಧಿಯನ್ನು ಹೆಚ್ಚಿನವರು ಓದುವುದಿಲ್ಲ. ತನ್ನ ನೆಲದ ಮೇಲೆ ವಿಮಾನದಲ್ಲಿ ಕ್ಯಾಮೆರಾ ಬಳಸುವುದನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಹಕ್ಕು ಪ್ರತಿ ದೇಶಕ್ಕೆ ಇದೆ ಅಂತ ಅದು ಹೇಳ್ತದೆ. ಅಂದರೆ ಹಾರುವುದು ಒಂದು ವಿಷಯ, ಹಾರುತ್ತಾ ನೋಡುವುದು ಇನ್ನೊಂದು. ಡ್ರೋನ್ ಎರಡನ್ನೂ ಒಟ್ಟಿಗೆ ಮಾಡ್ತದೆ. ಪ್ರವಾಸಿಯ ಎಲ್ಲ ತಾಪತ್ರಯ ಶುರುವಾಗುವುದು ಇಲ್ಲಿಂದಲೇ.

ಇದು ಬರೀ ದಂಡದ ಪ್ರಶ್ನೆ ಅಂತ ತಿಳ್ಕೊಳ್ಳಬೇಡಿ. 2020ರ ಮೇ ತಿಂಗಳಲ್ಲಿ ಇರಾನಿನಲ್ಲಿ, ತುರ್ಕ್‌ಮೆನಿಸ್ತಾನದ ಗಡಿಯ ಹತ್ತಿರ ಡ್ರೋನ್ ಹಾರಿಸಿದ ಫ್ರೆಂಚ್ ಪ್ರವಾಸಿಯೊಬ್ಬರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಎಂಟು ವರ್ಷ ಎಂಟು ತಿಂಗಳ ಶಿಕ್ಷೆಯಾಯಿತು. ಬಿಡುಗಡೆಯಾದದ್ದು 2023ರ ಮೇಯಲ್ಲಿ. ಪ್ರವಾಸದ ಫೋಟೊ ಮತ್ತು ಗೂಢಚರ್ಯೆಯ ಫೋಟೊ ನೋಡಲಿಕ್ಕೆ ಒಂದೇ ರೀತಿ ಇರ್ತದೆ. ಯಾವುದು ಯಾವುದು ಅಂತ ನಿರ್ಧರಿಸುವವರು ನಾವಲ್ಲ.

ಈಗ ದಾರಿಯಲ್ಲಿ ಸಿಗುವ ಬಾಗಿಲುಗಳು. ಮೊದಲನೆಯದು ವಿಮಾನ ಕಂಪನಿ. ಇದು ಸುಲಭ, ಬೇಗ ಮುಗಿಸ್ತೇನೆ. ಡ್ರೋನಿನ ದೇಹ ಚೆಕ್-ಇನ್ ಸಾಮಾನಿನಲ್ಲಿ ಹೋಗಬಹುದು, ಬಿಡಿ ಲಿಥಿಯಂ ಬ್ಯಾಟರಿ ಮಾತ್ರ ಕೈಚೀಲದಲ್ಲೇ ಇರಬೇಕು. ಮಿತಿ ವ್ಯಾಟ್-ಅವರ್ ಲೆಕ್ಕದಲ್ಲಿ. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಸಿಕ್ಕಿತು. 7.7 ವೋಲ್ಟ್, 2,250 ಮಿಲಿ ಆಂಪಿಯರ್-ಅವರ್ ಇದ್ದರೆ ಸುಮಾರು 17. ಸಾಮಾನ್ಯ ನಿಯಮದಲ್ಲಿ 100ರ ಒಳಗೆ ಅಡ್ಡಿಯಿಲ್ಲ, 100ರಿಂದ 160ರ ನಡುವೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲೆ ಪ್ರಯಾಣಿಕರ ಸಾಮಾನಿನಲ್ಲಿ ಇಲ್ಲ. ಟರ್ಮಿನಲ್‌ಗೆ ಟೇಪು ಹಚ್ಚಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ. ಅಷ್ಟೆ.

ಎರಡನೆಯದು ಕಸ್ಟಮ್ಸ್. ಇದನ್ನು ಜನ ಮರೀತಾರೆ. ಹಾರಿಸುವ ನಿಯಮ ಹುಡುಕಿ ಓದ್ತಾರೆ, ಒಳಗೆ ತರುವ ನಿಯಮ ಓದುವುದಿಲ್ಲ. ಮೊರಾಕ್ಕೊದಲ್ಲಿ 2015ರಿಂದ ಅನುಮತಿ ಇಲ್ಲದೆ ಡ್ರೋನ್ ತರುವುದಕ್ಕೇ ನಿಷೇಧ. ಈಜಿಪ್ಟಿನ 2017ರ 216ನೇ ಕಾನೂನಿನ ಪ್ರಕಾರ ಡ್ರೋನ್ ತರಲಿಕ್ಕೆ, ಇಟ್ಟುಕೊಳ್ಳಲಿಕ್ಕೆ, ಬಳಸಲಿಕ್ಕೆ ಎಲ್ಲದಕ್ಕೂ ರಕ್ಷಣಾ ಸಚಿವಾಲಯದ ಅನುಮತಿ ಬೇಕು. ಇಂಥ ಕಡೆ ನೀವು ಒಂದು ಸಲವೂ ಹಾರಿಸದೆ, ಬ್ಯಾಗಿನ ಜಿಪ್ ತೆಗೆಯದೆ, ನಿಯಮ ಮುರಿದಿರ್ತೀರಿ.

ಮೂರನೆಯದು ಹಾರಾಟ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಚಾಟ್‌ನಲ್ಲಿ ಆಗಲೇ ಒಬ್ಬರು ಕೇಳಿದ್ದಾರೆ: “ಸರ್, 250 ಗ್ರಾಂ ಒಳಗಿನದ್ದು ತಗೊಂಡರೆ ಯಾವ ನಿಯಮವೂ ಇಲ್ಲ ಅಲ್ವಾ?” ಅಂಗಡಿಯವರು ಹೇಳುವ ಮಾತು ಇದು. ಕಂಪನಿಗಳು 249 ಗ್ರಾಂನ ಡ್ರೋನ್ ಮಾಡುವುದೂ ಇದಕ್ಕೇ. ಅಮೆರಿಕದಲ್ಲಿ ಬರೀ ಮನರಂಜನೆಗೆ ಹಾರಿಸುವವರಿಗೆ 250 ಗ್ರಾಂ ಒಳಗೆ ನೋಂದಣಿ ಬೇಡ ಅನ್ನುವುದು ನಿಜ. ಆದರೆ ಟ್ರಸ್ಟ್ ಎಂಬ ಉಚಿತ ಆನ್‌ಲೈನ್ ಪರೀಕ್ಷೆ ಎಲ್ಲರಿಗೂ ಉಂಟು, 400 ಅಡಿಯ ಮಿತಿ ಉಂಟು, ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನೇ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೋಗಿ 249 ಗ್ರಾಂ ಅಂತ ವಾದಿಸಿ ಪ್ರಯೋಜನವಿಲ್ಲ.

ಜಪಾನಿನ ಕಥೆ ಇನ್ನೂ ಪಾಠದಾಯಕ. ಅಲ್ಲಿ ಮಿತಿ ಮೊದಲು 200 ಗ್ರಾಂ ಇತ್ತು. ಹಾಗಾಗಿ ಡಿಜೆಐ ಕಂಪನಿ ತನ್ನ ಮ್ಯಾವಿಕ್ ಮಿನಿಯನ್ನು ಜಪಾನಿಗಾಗಿಯೇ ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂಗೆ ಇಳಿಸಿ ಮಾರಿತು. 2022ರ ಜೂನ್ 20ರಂದು ಸರಕಾರ ಮಿತಿಯನ್ನು 100 ಗ್ರಾಂಗೆ ತಂದಿತು. ಒಂದು ಗ್ರಾಂ ಉಳಿಸಲಿಕ್ಕೆ ಮಾಡಿದ ಇಂಜಿನಿಯರಿಂಗ್ ಎಲ್ಲ ಒಂದು ದಿನದಲ್ಲಿ ಅರ್ಥ ಕಳ್ಕೊಂಡಿತು. ತೂಕದ ಗೆರೆ ಭೌತಶಾಸ್ತ್ರದ್ದಲ್ಲ ಮಾರಾಯ್ರೆ, ಆಯಾ ಸರಕಾರದ್ದು. ಅದು ರಾತ್ರೋರಾತ್ರಿ ಸರಿಯಬಹುದು.

ಯುರೋಪಿಯನ್ ಒಕ್ಕೂಟದ್ದು ನನ್ನ ಅಭಿಪ್ರಾಯದಲ್ಲಿ ಇದ್ದುದರಲ್ಲಿ ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆ. ಅಲ್ಲಿನ 2019/947ನೇ ನಿಯಮಾವಳಿ 2020ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಹೊರಗಿನವರು ಮೊದಲು ಹಾರಿಸುವ ಸದಸ್ಯ ದೇಶದಲ್ಲಿ ಆನ್‌ಲೈನ್ ನೋಂದಣಿ ಮಾಡಿಕೊಂಡರೆ ಆ ಸಂಖ್ಯೆ ಉಳಿದ ಸದಸ್ಯ ದೇಶಗಳಲ್ಲೂ ನಡೀತದೆ. ಫ್ರಾನ್ಸಿನಲ್ಲಿ ಮಾಡಿದ ನೋಂದಣಿ ಇಟಲಿಯಲ್ಲೂ ಆಗ್ತದೆ, ನಮ್ಮ ಬೈಕಿನ ನಂಬರಿನ ಹಾಗೆ. ನೋಂದಣಿ ಡ್ರೋನಿನದ್ದಲ್ಲ, ನಡೆಸುವವರದ್ದು. ಆ ಸಂಖ್ಯೆಯನ್ನು ಡ್ರೋನಿನ ಮೇಲೆ ಅಂಟಿಸಬೇಕು. ಆದರೆ 250 ಗ್ರಾಂ ಒಳಗಿದ್ದರೂ ಕ್ಯಾಮೆರಾ ಇದ್ದರೆ, ಅದು ಆಟಿಕೆಯೆಂದೇ ಮಾರಿದ್ದಲ್ಲದಿದ್ದರೆ, ನೋಂದಣಿ ಕಡ್ಡಾಯ. ತೂಕ ಕಡಿಮೆ ಇದ್ದದ್ದಕ್ಕೆ 40 ಪ್ರಶ್ನೆಯ ಪರೀಕ್ಷೆಯಿಂದ ವಿನಾಯಿತಿ ಸಿಗ್ತದೆ, ನೋಂದಣಿಯಿಂದ ಸಿಗುವುದಿಲ್ಲ. ಬಿದ್ದರೆ ಆಗುವ ಗಾಯವನ್ನೂ ಕ್ಯಾಮೆರಾದಿಂದ ಆಗುವ ಖಾಸಗಿತನದ ಹಾನಿಯನ್ನೂ ಅವರು ಬೇರೆ ಬೇರೆಯಾಗಿ ಅಳೆದಿದ್ದಾರೆ. ಶಿಕಾಗೋದ ಆ ಎರಡು ವಿಧಿಗಳು ಇಲ್ಲಿ ಮತ್ತೆ ಕಾಣ್ತವೆ.

ಇನ್ನೊಂದು ಗಮನಿಸಿ. 2024ರ ಜನವರಿ 1ರಿಂದ ಯುರೋಪಿನಲ್ಲಿ ಸಿ0, ಸಿ1 ಇತ್ಯಾದಿ ವರ್ಗದ ಗುರುತು ಇರುವ ಡ್ರೋನಿಗೂ ಇಲ್ಲದ ಹಳೆಯ ಡ್ರೋನಿಗೂ ದೊಡ್ಡ ವ್ಯತ್ಯಾಸ ಬಂದಿದೆ. ಗುರುತಿಲ್ಲದ, 250 ಗ್ರಾಂ ಮತ್ತು ಮೇಲ್ಪಟ್ಟ ಡ್ರೋನನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಮನರಂಜನೆಯ ಪ್ರದೇಶಗಳಿಂದ 150 ಮೀಟರ್ ದೂರದಲ್ಲೇ ಹಾರಿಸಬೇಕು. ಪ್ರವಾಸಿ ಹೋಗುವ ಜಾಗ ಅಂದರೆ ಬಹುತೇಕ ಅವೇ. ಎತ್ತರ ಎಲ್ಲರಿಗೂ 120 ಮೀಟರ್. ಜರ್ಮನಿಯಲ್ಲಾದರೆ ವಿಮೆಯೂ ಬೇಕು, ಡ್ರೋನ್ ಎಷ್ಟೇ ಹಗುರವಿರಲಿ.

ಥಾಯ್ಲೆಂಡಿನಲ್ಲಿ ಒಂದೇ ಡ್ರೋನಿಗೆ ಎರಡು ಕಚೇರಿ: ವಿಮಾನಯಾನ ಪ್ರಾಧಿಕಾರದಲ್ಲಿ ಒಂದು ನೋಂದಣಿ, ರಿಮೋಟು ರೇಡಿಯೊ ತರಂಗ ಬಳಸ್ತದೆ ಅಂತ ದೂರಸಂಪರ್ಕ ಆಯೋಗದಲ್ಲಿ ಇನ್ನೊಂದು. ಒಂದು ಮಾಡಿ ಸುಮ್ಮನಿದ್ದರೆ ಅರ್ಧ ಅಕ್ರಮ. ಎರಡೂ ಮಾಡಿದವರಿಗೂ 2025ರ ಜುಲೈಯಲ್ಲಿ ಪ್ರಯೋಜನವಾಗಲಿಲ್ಲ. ಕಾಂಬೋಡಿಯಾದ ಗಡಿಯಲ್ಲಿ ಕಾದಾಟ ಶುರುವಾದಾಗ ಇಡೀ ದೇಶದಲ್ಲಿ ಡ್ರೋನ್ ನಿಲ್ಲಿಸಿಬಿಟ್ಟರು. ನಮ್ಮವರಿಗೆ ಹತ್ತಿರದ ಉದಾಹರಣೆ ಯುಎಇ. 2022ರ ಜನವರಿ 17ರಂದು ಅಬುಧಾಬಿಯ ಮೇಲೆ ಡ್ರೋನ್, ಕ್ಷಿಪಣಿಗಳ ದಾಳಿಯಾಯಿತು. ಸತ್ತ ಮೂವರಲ್ಲಿ ಇಬ್ಬರು ಭಾರತೀಯರು. 22ರಂದು ಹವ್ಯಾಸಿ ಡ್ರೋನ್‌ಗಳ ಹಾರಾಟ ದೇಶದುದ್ದಕ್ಕೂ ಬಂದ್. ವ್ಯಕ್ತಿಗಳಿಗೆ ಸಡಿಲಿಕೆ ಶುರುವಾದದ್ದು 2025ರ ಜನವರಿಯಲ್ಲಿ, ಅದೂ ಷರತ್ತಿನ ಮೇಲೆ. ಗಡಿ ಇದ್ದಕ್ಕಿದ್ದ ಹಾಗೆ ಮುಚ್ಚಿದರೆ ಹೇಗಿರ್ತದೆ ಅಂತ 2020ರಲ್ಲಿ ತಲಪಾಡಿಯಲ್ಲಿ ಕಂಡವರು ನಾವು. ಬೇರೆಯವರಿಗಿಂತ ಬೇಗ ನಮಗೆ ಇದು ಅರ್ಥವಾಗಬೇಕು. ಟಿಕೆಟ್ ಮಾಡುವಾಗ ಓದಿದ ನಿಯಮವನ್ನು ಹೊರಡುವ ವಾರ ಮತ್ತೊಮ್ಮೆ ಓದಿ, ಆ ದೇಶದ ವಿಮಾನಯಾನ ಪ್ರಾಧಿಕಾರದ ಪುಟದಲ್ಲೇ ಓದಿ. ಯೂಟ್ಯೂಬಿನಲ್ಲಿ ಯಾರೋ ಬೀಚಿನಲ್ಲಿ ಹಾರಿಸಿದ್ದು ಅನುಮತಿಯ ದಾಖಲೆಯಲ್ಲ.

ಕೊನೆಯ ಬಾಗಿಲು ನಮ್ಮದೇ. ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿಯೇ ಅಂತ ನನಗನ್ನಿಸ್ತದೆ, ಯಾಕೆಂದರೆ ಮನೆಗೆ ಬರುವವರು ನಿಯಮ ಹುಡುಕುವುದಿಲ್ಲ. 2022ರ ಫೆಬ್ರವರಿ 9ರಂದು ಭಾರತ ಸರಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಪೂರ್ತಿ ಜೋಡಿಸಿದ್ದಕ್ಕೂ, ಬಿಡಿಸಿ ತಂದು ಇಲ್ಲಿ ಜೋಡಿಸುವುದಕ್ಕೂ ನಿಷೇಧ ಅನ್ವಯಿಸ್ತದೆ. ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ. ರಕ್ಷಣೆ, ಭದ್ರತೆ, ಸಂಶೋಧನೆಗೆ ವಿನಾಯಿತಿ ಇದೆ. ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಸಂಶೋಧನೆಗಾಗಿ ಅರ್ಜಿ ಹಾಕಿ ತರಿಸಬಹುದು, ಅಧ್ಯಾಪಕರು ಇದನ್ನು ಬರ್ಕೊಳ್ಳಿ. ಊರಿಗೆ ಬರುವ ಅಣ್ಣ ತಮ್ಮನಿಗಾಗಿ ಸೂಟ್‌ಕೇಸಿನಲ್ಲಿ ತರುವ ಡ್ರೋನಿಗೆ ಆ ವಿನಾಯಿತಿ ಇಲ್ಲ. ಸುಂಕ ಕಟ್ಟಿ ಬಿಡಿಸಿಕೊಳ್ತೇನೆ ಅನ್ನುವುದು ಹಳೆಯ ಲೆಕ್ಕ. ಸುಂಕ ಇರುವುದು ತರಬಹುದಾದ ವಸ್ತುವಿಗೆ.

ಹಾಗಾದರೆ ಮೊದಲೇ ಇಲ್ಲಿ ಕಾನೂನು ಪ್ರಕಾರ ಕೊಂಡ ಡ್ರೋನನ್ನು ಪ್ರವಾಸಕ್ಕೆ ಒಯ್ದು ವಾಪಸು ತರುವವರ ಗತಿ? ಅದಕ್ಕೆ ಒಂದು ಸರಳ ಕಾಗದ ಉಂಟು, ರಫ್ತು ಪ್ರಮಾಣಪತ್ರ ಅಂತ. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಡ್ರೋನನ್ನೂ ಬಿಲ್ಲನ್ನೂ ತೋರಿಸಿ, ಸೀರಿಯಲ್ ನಂಬರ್ ನಮೂದಿಸಿ ಪಡೆದುಕೊಳ್ಳಬೇಕು. ಸಾಮಾನು ಚೆಕ್-ಇನ್ ಆಗುವ ಮೊದಲೇ ಮಾಡಬೇಕು, ಆಮೇಲೆ ತೋರಿಸಲಿಕ್ಕೆ ಕೈಯಲ್ಲಿ ವಸ್ತು ಇರುವುದಿಲ್ಲ. ಈ ವಸ್ತು ಇಲ್ಲಿಂದಲೇ ಹೋದದ್ದು, ಹೊಸತಾಗಿ ತಂದದ್ದಲ್ಲ ಅನ್ನುವುದಕ್ಕೆ ಹಿಂದಿರುಗುವಾಗ ಇದೇ ಆಧಾರ. 2016ರಿಂದಲೇ ಪ್ರಯಾಣಿಕರ ಘೋಷಣಾ ಪತ್ರದಲ್ಲಿ ಡ್ರೋನಿನ ಕಾಲಂ ಸೇರಿಸಿದ್ದಾರೆ, ಹಾಗಾಗಿ ಗೊತ್ತಿರಲಿಲ್ಲ ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ.

ಎರಡು ಪ್ರಶ್ನೆ ಉಳಿದಿದೆ, ಉತ್ತರಿಸಿ ಮುಗಿಸ್ತೇನೆ.

“ಶಾರ್ಜಾದಲ್ಲಿರುವ ಅಣ್ಣ ಆಗಲೇ ಡ್ರೋನ್ ಕೊಂಡಾಗಿದೆ. ಬರುವ ತಿಂಗಳು ಊರಿಗೆ ಬರ್ತಾನೆ. ಏನು ಮಾಡಲಿ?” ತರಬೇಡಿ ಅಂತ ಹೇಳಿ. ಅಲ್ಲಿನ ಗೆಳೆಯರ ಮನೆಯಲ್ಲಿ ಇಡುವುದು ಅಥವಾ ಮಾರಿ ಬರುವುದು, ಎರಡೇ ದಾರಿ. ಬಿಚ್ಚಿ ನಾಲ್ಕು ಜನರ ಬ್ಯಾಗಿನಲ್ಲಿ ಹಂಚಿ ತರುವ ಉಪಾಯ ಕೆಲವರು ಹೇಳ್ತಾರೆ. ಆಗ ನಿಯಮ ಮುರಿದವರ ಸಂಖ್ಯೆ ಒಂದರಿಂದ ನಾಲ್ಕಾಗ್ತದೆ, ಅಷ್ಟೇ ವ್ಯತ್ಯಾಸ.

“ನೇಪಾಳಕ್ಕೆ ಪಾಸ್‌ಪೋರ್ಟ್ ಕೂಡ ಬೇಡ, ಅಲ್ಲಿಗೆ ನಮ್ಮ ನೋಂದಣಿ ಸಾಕಲ್ಲ?” ಸಾಲದು. ಗಡಿ ತೆರೆದಿರುವುದು ಮನುಷ್ಯರಿಗೆ. ಡ್ರೋನಿಗೆ ನೇಪಾಳದ್ದೇ ಅನುಮತಿ ಬೇಕು, ಸಾಗರಮಾಥದಂಥ ರಾಷ್ಟ್ರೀಯ ಉದ್ಯಾನದ ಒಳಗಾದರೆ ಅದಕ್ಕೆ ಬೇರೆಯೇ ಪರವಾನಗಿ. ಚಾರಣಕ್ಕೆ ಹೋಗುವವರು ಕಠ್ಮಂಡುವಿನಲ್ಲಿ ಇದಕ್ಕಾಗಿ ಕೆಲವು ದಿನ ಹೆಚ್ಚು ಇಟ್ಟುಕೊಳ್ಳಿ. ಕಚೇರಿಯ ರಜೆ ಯಾವತ್ತು ಅಂತಲೂ ಮೊದಲೇ ನೋಡ್ಕೊಳ್ಳಿ. ಅಲ್ಲಿ ವಾರದ ರಜೆ ಶನಿವಾರ.