ಎಡಗಡೆ ಉಳಿದುಹೋದ ನಾಳ

ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಕ್ಕಪಕ್ಕ ಸಾಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಕ್ರಾಸ್‌ಗಳಿವೆ. ಬಸುರಿನ ಮೊದಲ ವಾರಗಳಲ್ಲಿ ಮಗುವಿನ ಎದೆಯೊಳಗೂ ಹೀಗೇ ಎರಡು ದಾರಿಗಳಿರುತ್ತವೆ. ತಲೆ, ಕೈಗಳ ರಕ್ತವನ್ನು ಹೃದಯಕ್ಕೆ ಇಳಿಸಲು ಬಲಕ್ಕೊಂದು ನಾಳ, ಎಡಕ್ಕೊಂದು ನಾಳ. ಮುಂದೆ ನಡುವೆ ಅಡ್ಡನಾಳವೊಂದು ಮೂಡಿ ಎಡಗಡೆಯ ರಕ್ತವೂ ಬಲಕ್ಕೆ ತಿರುಗುತ್ತದೆ. ಕೆಲಸವಿಲ್ಲದ ಎಡನಾಳ ಬತ್ತಿಹೋಗುತ್ತದೆ. ಅದರ ಪಳೆಯುಳಿಕೆಯನ್ನು 1850ರಲ್ಲಿ ವಿವರಿಸಿದವನು ಇಂಗ್ಲೆಂಡಿನ ಜಾನ್ ಮಾರ್ಷಲ್.

ಸಾವಿರಕ್ಕೆ ಮೂರರಿಂದ ಐದು ಮಂದಿಯಲ್ಲಿ ಅದು ಬತ್ತುವುದಿಲ್ಲ. ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳಲ್ಲಂತೂ ಇದು ಹಲವು ಪಟ್ಟು ಹೆಚ್ಚು. ವೈದ್ಯರ ಬಾಯಲ್ಲಿ ಇದು 'ಎಡ ಎಸ್‌ವಿಸಿ'. ಹೆಚ್ಚಿನವರಲ್ಲಿ ಅದು ಹೃದಯದ ಹಿಂಬದಿಯ ಕರೋನರಿ ಸೈನಸ್ ಮೂಲಕ ಬಲ ಹೃತ್ಕರ್ಣವನ್ನೇ ಸೇರುವುದರಿಂದ ಬಾಧೆಯೇನೂ ಇಲ್ಲ. ಮಗುವಿನ 'ಹಾರ್ಟಲ್ಲಿ ಹೋಲ್' ಎಂಬ ಮಾತಿಗೇ ನಡುಗಿರುವ ತಂದೆತಾಯಿಗೆ, ನಾಳವೂ ಒಂದು ಜಾಸ್ತಿ ಇದೆ ಎಂದಾಗ ಜೀವ ಬಾಯಿಗೆ ಬರುತ್ತದೆ. ಅವರಿಗೆ ಮೊದಲು ಹೇಳಬೇಕಾದದ್ದು, ಆ ನಾಳ ರೋಗವಲ್ಲ ಎಂಬುದನ್ನು. ಅದು ಇರುವುದು ಗೊತ್ತಾಗದೆ ಎದೆ ತೆರೆದರೆ ಮಾತ್ರ ಕಷ್ಟ.

ಹೃದಯವನ್ನು ನಿಲ್ಲಿಸಿ ರಂಧ್ರ ಮುಚ್ಚುವಾಗ ದೇಹದಿಂದ ಮರಳುವ ರಕ್ತವೆಲ್ಲ ಹಾರ್ಟ್-ಲಂಗ್ ಯಂತ್ರಕ್ಕೆ ಹೋಗಬೇಕು. ಮೇಲಿನ ನಾಳಕ್ಕೊಂದು, ಕೆಳಗಿನದಕ್ಕೊಂದು ಕೊಳವೆ ಹಾಕುತ್ತಾರೆ. ಎಡನಾಳ ಉಳಿದಿದ್ದರೆ ಅದರ ರಕ್ತ ನೇರ ಹೃದಯದೊಳಕ್ಕೆ ನುಗ್ಗಿ, ಹೊಲಿಗೆ ಹಾಕುವ ಜಾಗವೇ ಕಾಣದಂತಾಗುತ್ತದೆ. ಅಡ್ಡನಾಳ ದಪ್ಪಗಿದ್ದರೆ ಎಡನಾಳವನ್ನು ಸ್ವಲ್ಪ ಹೊತ್ತು ಬಿಗಿದಿಡಬಹುದು. ಅಡ್ಡನಾಳವೇ ಇಲ್ಲದಿದ್ದಾಗ ಹಾಗೆ ಬಿಗಿದರೆ ರಕ್ತ ತಲೆಯಲ್ಲೇ ಕಟ್ಟಿಕೊಂಡು ಒತ್ತಡ ಏರುತ್ತದೆ. ಆಗ ಮೂರನೆಯ ಕೊಳವೆಯೇ ಬೇಕು.

ಗ್ಲೆನ್ ಶಸ್ತ್ರಚಿಕಿತ್ಸೆಯಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದು. ಒಂದೇ ಕೆಳಕೋಣೆ ಕೆಲಸ ಮಾಡುವ ಹೃದಯವುಳ್ಳ ಮಕ್ಕಳಿಗೆ ಮೇಲಿನ ನಾಳವನ್ನು ನೇರವಾಗಿ ಶ್ವಾಸಕೋಶದ ಅಪಧಮನಿಗೆ ಜೋಡಿಸುವ ವಿಧಾನವಿದು. ಎಡನಾಳವೂ ಇದ್ದರೆ ಎರಡೂ ಕಡೆ ಜೋಡಿಸಬೇಕಾಗಬಹುದು. ಗಮನಿಸದೆ ಬಿಟ್ಟರೆ ರಕ್ತ ಶ್ವಾಸಕೋಶ ತಪ್ಪಿಸಿ ಅದರಲ್ಲೇ ಇಳಿಯುತ್ತದೆ. ಆಪರೇಷನ್ ಮುಗಿದರೂ ಮಗುವಿನ ತುಟಿಯ ನೀಲಿ ಹೋಗುವುದಿಲ್ಲ.

ಅಪರೂಪಕ್ಕೆ ಎಡನಾಳ ಎಡ ಹೃತ್ಕರ್ಣಕ್ಕೇ ತೆರೆದುಕೊಳ್ಳುತ್ತದೆ. ಅಂಥ ಮಗುವಿನ ಎಡಗೈಗೆ ಹಾಕಿದ ಡ್ರಿಪ್‌ನಲ್ಲಿನ ಗಾಳಿಗುಳ್ಳೆ ಮಿದುಳಿಗೂ ಹೋಗಬಲ್ಲದು. ವಾರ್ಡಿನ ನರ್ಸ್‌ಗೂ ಈ ವಿಷಯ ತಿಳಿದಿರಲೇಬೇಕು.

ಪತ್ತೆ ಹಚ್ಚುವುದು ಅಷ್ಟೇನೂ ಕಷ್ಟವಲ್ಲ. ಎಕೋದಲ್ಲಿ ಕರೋನರಿ ಸೈನಸ್ ಉಬ್ಬಿ ಕಂಡರೆ ಅನುಮಾನ ಬರುತ್ತದೆ. ಕಲಕಿದ ಸಲೈನನ್ನು ಎಡಗೈಯ ನಾಳದಿಂದ ಕೊಟ್ಟಾಗ ಗುಳ್ಳೆಗಳು ಮೊದಲು ಅಲ್ಲೇ ಕಾಣಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಅಷ್ಟಾದರೂ ಅಡ್ಡನಾಳ ಕೆಲವೊಮ್ಮೆ ಕಣ್ಣು ತಪ್ಪಿಸುತ್ತದೆ. ಫ್ಯಾಲೋ ಎಂಬ ಹುಟ್ಟು ಹೃದಯದೋಷದ ಕೆಲ ಮಕ್ಕಳಲ್ಲಿ ಅದು ಮಹಾಪಧಮನಿಯ ಕಮಾನಿನ ಮುಂದೆ ಹಾಯುವ ಬದಲು ಅಡಿಯಲ್ಲಿ ನುಸುಳಿ, ಶ್ವಾಸಕೋಶದ ಅಪಧಮನಿಯೆಂಬ ಭ್ರಮೆ ಹುಟ್ಟಿಸುತ್ತದೆ.

ಜಯದೇವ ಸಂಸ್ಥೆ, 2001ರಲ್ಲಿ ಶುರುವಾದ ಬೊಮ್ಮಸಂದ್ರದ ನಾರಾಯಣ ಹೃದಯಾಲಯ, ಅದೇ ವರ್ಷ ಬಾಗಿಲು ತೆರೆದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಬೆಂಗಳೂರಿನಲ್ಲೇ ಇರುವುದರಿಂದ ದೂರದ ಜಿಲ್ಲೆಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ. ಗುಣವಾಗಿ ಊರಿಗೆ ಮರಳುವವರು ಡಿಸ್ಚಾರ್ಜ್ ಚೀಟಿಯಲ್ಲಿ 'ಎಡ ಎಸ್‌ವಿಸಿ' ಎಂದು ಬರೆದಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಚೀಟಿ ಜೋಪಾನವಾಗಿಡಿ, ಮಗು ದೊಡ್ಡದಾದ ಮೇಲೆ ಅದಕ್ಕೂ ಹೇಳಿ. ಮುಂದೆಂದಾದರೂ ಪೇಸ್‌ಮೇಕರ್ ಬೇಕಾದರೆ ಅದರ ತಂತಿಯನ್ನು ಸಾಮಾನ್ಯವಾಗಿ ಎಡಗಡೆಯಿಂದಲೇ ಇಳಿಸುತ್ತಾರೆ. ವಿಷಯ ಮೊದಲೇ ತಿಳಿದ ವೈದ್ಯರು ಬಲನಾಳ ಸರಿಯಾಗಿದೆಯೇ ಎಂದು ನೋಡಿಕೊಂಡು ಆ ಕಡೆಯಿಂದ ಹಾಕಬಹುದು.