ಹತ್ತು ಮೇಜು, ಒಂದೇ ಕರೆಗಂಟೆ

1990ರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳ ಗ್ರಂಥಪಾಲಕರಿಗೆ ಒಂದು ಚಿಂತೆ ಹತ್ತಿಕೊಂಡಿತು. ಪರಾಮರ್ಶನ ವಿಭಾಗದ ಮೇಜಿನ ಮುಂದೆ ಬಂದು ನಿಲ್ಲುವವರು ಕಡಿಮೆಯಾಗುತ್ತಿದ್ದರು. ಹುಡುಗರು ಓದು ಬಿಟ್ಟಿರಲಿಲ್ಲ. ಹಾಸ್ಟೆಲ್ ಕೋಣೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಪತ್ರಿಕೆ, ಪ್ರಬಂಧಗಳನ್ನು ತಡಕುತ್ತಿದ್ದರು. ದಾರಿ ತಪ್ಪಿದಾಗ ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಓದುಗನೊಡನೆ ಮಾತಾಡಿ ನೆರವಾಗುವುದೇ ಗ್ರಂಥಪಾಲಕನ ಕೆಲಸವೆಂದು ವೂಸ್ಟರ್‌ನ ಸ್ಯಾಮ್ಯುಯೆಲ್ ಗ್ರೀನ್ 1876ರಲ್ಲೇ ಸಾರಿದ್ದರು. ಓದುಗನೇ ಎದುರಿಗಿಲ್ಲದಿದ್ದರೆ ಮಾತು ಯಾರೊಡನೆ?

ಇಮೇಲ್ ಹಳೆಯ ದಾರಿ. ಬಾಲ್ಟಿಮೋರ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯವಿಜ್ಞಾನ ಗ್ರಂಥಾಲಯ 1984ರಲ್ಲೇ ಅದನ್ನು ಹಿಡಿದಿತ್ತು. ಆದರೆ ಗ್ರಂಥಪಾಲಕರು ಉತ್ತರ ಹುಡುಕುವ ಮೊದಲು ಪ್ರಶ್ನೆಯನ್ನೇ ಹುಡುಕಬೇಕಾಗುತ್ತದೆ. ‘ನೀರಿನ ಬಗ್ಗೆ ಪುಸ್ತಕ ಬೇಕು’ ಎಂದವನಿಗೆ ನಿಜಕ್ಕೂ ಬೇಕಾದದ್ದು ತನ್ನೂರಿನ ನಲ್ಲಿ ನೀರಿನಲ್ಲಿ ಸೀಸ ಎಷ್ಟಿದೆ ಎಂಬ ಲೆಕ್ಕವಿರಬಹುದು. ಎದುರುಬದುರು ಕೂತರೆ ಎರಡು ನಿಮಿಷದಲ್ಲಿ ಹೊರಬೀಳುವ ಈ ಸಂಗತಿ ಇಮೇಲ್‌ನಲ್ಲಿ ದಿನಗಟ್ಟಲೆ ಎಳೆಯುತ್ತಿತ್ತು.

ಹಾಗಾಗಿ ಕೆಲವರು ನೇರ ಚಾಟ್‌ಗೆ ಕೈಹಾಕಿದರು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ 1998ರಲ್ಲಿ ಚಾಟ್ ಸೇವೆ ತೆರೆಯಿತು. ನ್ಯೂಯಾರ್ಕ್ ರಾಜ್ಯದ ಮಾರಿಸ್‌ವಿಲ್ ಕಾಲೇಜಿನವರು ಹೊಸದನ್ನು ಹುಡುಕುವ ಗೋಜಿಗೇ ಹೋಗದೆ, ಹುಡುಗರು ಗೆಳೆಯರೊಡನೆ ಹರಟುತ್ತಿದ್ದ ಎಒಎಲ್ ಮೆಸೆಂಜರ್‌ನಲ್ಲೇ ಬಂದು ಕೂತರು. ಖರ್ಚಿಲ್ಲದ, ತೀರಾ ಸಾದಾ ಉಪಾಯ. ಅದಕ್ಕೇ ಇರಬೇಕು, ದೊಡ್ಡ ಗ್ರಂಥಾಲಯಗಳು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಅವು ಬೇರೆ ಕಡೆ ನೋಡಿದವು. 2000 ದಾಟಿದ ಮೇಲೆ, ಕಾಲ್ ಸೆಂಟರ್‌ಗಳಿಗೆಂದು ಹೆಣೆದಿದ್ದ ದುಬಾರಿ ತಂತ್ರಾಂಶಗಳು ಗ್ರಂಥಾಲಯದ ಒಳಗೆ ಬಂದವು. ಗ್ರಂಥಪಾಲಕರು ಒಂದು ಪುಟ ತೆರೆದರೆ ವಿದ್ಯಾರ್ಥಿಯ ಪರದೆಯಲ್ಲೂ ಅದೇ ಪುಟ ತಾನಾಗಿ ತೆರೆದುಕೊಳ್ಳಬೇಕು. ಅದೇ ಅವುಗಳ ದೊಡ್ಡ ಆಕರ್ಷಣೆ. ಸಿಬ್ಬಂದಿ ದಿನಗಟ್ಟಲೆ ತರಬೇತಿಗೆ ಕೂತರು. ನಿಜವಾದ ಪ್ರಶ್ನೆಗಳು ಬರತೊಡಗಿದಾಗ ಬಣ್ಣ ಬಯಲಾಯಿತು. ಹಂಚಿಕೊಂಡ ಪುಟ ಪಾಸ್‌ವರ್ಡ್ ಕೇಳುವ ಜಾಗಕ್ಕೆ ಬಂದು ಕಚ್ಚಿಕೊಳ್ಳುತ್ತಿತ್ತು. ಪಾಪ್-ಅಪ್ ತಡೆಯುವ ಬ್ರೌಸರ್ ಚಾಟ್ ಕಿಟಕಿಯನ್ನು ತೆರೆಯಲೇ ಬಿಡುತ್ತಿರಲಿಲ್ಲ. ಮಾತು ಅರ್ಧಕ್ಕೇ ಕಡಿದುಹೋದರೆ, ಹುಡುಗ ಬೇಸತ್ತು ಎದ್ದನೋ ತಂತ್ರಾಂಶವೇ ಕೈಕೊಟ್ಟಿತೋ ಗೊತ್ತಾಗುತ್ತಿರಲಿಲ್ಲ. ಹಲವು ಗ್ರಂಥಾಲಯಗಳು ಸೇವೆಯನ್ನೇ ಮುಚ್ಚಿದವು. ‘ಹೊಸ ತಂತ್ರಾಂಶ’ ಎಂದರೆ ಸಿಬ್ಬಂದಿ ಮುಖ ಸಿಂಡರಿಸುವಂತಾಯಿತು.

ಸುತ್ತಿ ಬಳಸಿ ಅವರು ಬಂದು ನಿಂತದ್ದು ಮಾರಿಸ್‌ವಿಲ್‌ನವರ ಸಾದಾ ಉಪಾಯಕ್ಕೇ. ಅಷ್ಟರಲ್ಲಿ ಮೀಬೊ ಎಂಬ ಹೊಸ ಕಂಪನಿ 2006ರಲ್ಲಿ ಒಂದು ಪುಟ್ಟ ಚಾಟ್ ಪೆಟ್ಟಿಗೆಯನ್ನು ಬಿಟ್ಟಿಯಾಗಿ ಕೊಟ್ಟಿತು. ನಾಲ್ಕು ಸಾಲು ಕೋಡ್ ಅಂಟಿಸಿದರೆ ಅದು ಯಾವ ಪುಟದಲ್ಲಾದರೂ ಕೂರುತ್ತಿತ್ತು. ವಿದ್ಯಾರ್ಥಿ ಖಾತೆ ತೆರೆಯಬೇಕಿರಲಿಲ್ಲ, ಹೆಸರೂ ಹೇಳಬೇಕಿರಲಿಲ್ಲ. ಗ್ರಂಥಪಾಲಕರ ಪರದೆಯಲ್ಲಿ ‘ಮೀಬೊಗೆಸ್ಟ್’ ಎಂಬ ಹೆಸರು, ಅದರ ಬಾಲಕ್ಕೊಂದಿಷ್ಟು ಅಂಕಿಗಳು ಮೂಡುತ್ತಿದ್ದವು. ಪ್ರಶ್ನೆಗಳು ಹರಿದುಬಂದವು.

ಗೆದ್ದೆವು ಎನ್ನುವಷ್ಟರಲ್ಲಿ ಇನ್ನೊಂದು ಗೋಡೆ ಎದುರಾಯಿತು. ಈ ಮೆಸೆಂಜರ್‌ಗಳೆಲ್ಲ ಇಬ್ಬರು ಗೆಳೆಯರ ಹರಟೆಗೆಂದು ಹುಟ್ಟಿದವು. ಒಂದು ಖಾತೆಯ ಹಿಂದೆ ಒಬ್ಬರೇ ಇರುತ್ತಾರೆಂದು ನಂಬಿದವು. ಗ್ರಂಥಾಲಯ ಒಬ್ಬರಲ್ಲ. ಪಾಳಿ ಬದಲಾಗುವಾಗ ಒಬ್ಬರು ಲಾಗ್ ಔಟ್ ಆಗಿ ಇನ್ನೊಬ್ಬರು ಲಾಗ್ ಇನ್ ಆಗಬೇಕಿತ್ತು. ಪರೀಕ್ಷೆಯ ದಿನಗಳಲ್ಲಿ ಒಟ್ಟೊಟ್ಟಿಗೆ ಐದಾರು ಪ್ರಶ್ನೆ ಬಂದರೆ, ಪಕ್ಕದ ಮೇಜಿನವರು ಕೈಕಟ್ಟಿ ಕೂತಿದ್ದರೂ ಒಬ್ಬರೇ ಎಲ್ಲಕ್ಕೂ ಉತ್ತರಿಸಬೇಕಿತ್ತು. ನಾರ್ತ್ ಕ್ಯಾರೊಲಿನಾದಲ್ಲಿ ಈ ತೊಡಕು ಇನ್ನೂ ಜಟಿಲವಾಯಿತು. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಕೂಡಿ ರಾತ್ರಿಯ ಚಾಟ್ ಸೇವೆ ನಡೆಸಲು ಹೊರಟಿದ್ದವು. ಒಂದೊಂದು ಕ್ಯಾಂಪಸ್‌ಗೂ ತನ್ನದೇ ಸಿಬ್ಬಂದಿ. ಓದುಗರಿಗೆ ಕಾಣಬೇಕಾದದ್ದು ಮಾತ್ರ ಒಂದೇ ಪೆಟ್ಟಿಗೆ. ಅಂಥ ಸಾಧನ ಕೈಗೆಟಕುವ ಬೆಲೆಗೆ ಎಲ್ಲೂ ಇರಲಿಲ್ಲ.

ಇಲ್ಲಿ ಅದೃಷ್ಟ ಕೈಹಿಡಿಯಿತು. ಆ ವಿಶ್ವವಿದ್ಯಾಲಯಗಳಲ್ಲೊಂದಾದ ಚಾಪೆಲ್ ಹಿಲ್‌ನ ಗ್ರಂಥಪಾಲಕಿ ಪ್ಯಾಮ್ ಸೆಸಮ್ಸ್ ಅವರ ಗಂಡ ಎರಿಕ್ ಪ್ರೋಗ್ರಾಮರ್. ಹೆಂಡತಿಗೆ ಕೆಲಸದ ಕಷ್ಟ ಗೊತ್ತಿತ್ತು, ಗಂಡನಿಗೆ ಕೋಡ್ ಗೊತ್ತಿತ್ತು. ಎರಿಕ್ ಆರಿಸಿಕೊಂಡದ್ದು ಜಾಬರ್ ಎಂಬ ಮುಕ್ತ ಚಾಟ್ ಪದ್ಧತಿಯನ್ನು. ಅದನ್ನು ನಡೆಸುವ ಸರ್ವರ್ ಎರ್ಲಾಂಗ್ ಭಾಷೆಯಲ್ಲಿತ್ತು. ಸ್ವೀಡನ್ನಿನ ಎರಿಕ್ಸನ್ ಕಂಪನಿ 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆಂದು ಕಟ್ಟಿದ ಭಾಷೆ ಅದು. ಹೀಗೆ ಮೂಡಿದ ‘ಲೈಬ್ರರಿಹೆಲ್ಪ್’ ಎಂಬ ಸಾಧನದ ವಿವರವನ್ನು ದಂಪತಿ 2008ರಲ್ಲಿ ಪ್ರಕಟಿಸಿದರು.

ಮುಖ ಸಿಂಡರಿಸಿದ್ದ ಸಿಬ್ಬಂದಿಯನ್ನು ಒಲಿಸುವುದು ಬಾಕಿಯಿತ್ತು. ಅದು ನೆನೆಸಿದಷ್ಟು ಕಷ್ಟವಾಗಲಿಲ್ಲ. ಜಾಬರ್ ಮುಕ್ತ ಪದ್ಧತಿಯಾದ್ದರಿಂದ, ಹಲವರ ಕಂಪ್ಯೂಟರ್‌ನಲ್ಲಿ ಮೊದಲೇ ಇದ್ದ ಪಿಜಿನ್ ಎಂಬ ಉಚಿತ ಚಾಟ್ ತಂತ್ರಾಂಶದಿಂದಲೇ ಹೊಸ ಸೇವೆಯೊಳಗೆ ಹೋಗಬಹುದಿತ್ತು. ಹಳೆಯ ಕಿಟಕಿಯಲ್ಲಿ ಒಂದು ಖಾತೆ ಹೆಚ್ಚಾಯಿತು, ಅಷ್ಟೆ. ಮೀಬೊದಲ್ಲೇ ಉಳಿದವರ ಕಥೆ ಬೇರೆ. 2012ರ ಜೂನ್‌ನಲ್ಲಿ ಗೂಗಲ್ ಮೀಬೊವನ್ನು ಕೊಂಡು, ಮರುತಿಂಗಳೇ ಅದರ ಚಾಟ್ ಸೇವೆಗೆ ಬೀಗ ಹಾಕಿತು. ಬಿಟ್ಟಿ ಪೆಟ್ಟಿಗೆಯನ್ನು ನಂಬಿದ್ದ ಗ್ರಂಥಾಲಯಗಳು ವಾರಗಳೊಳಗೆ ಬೇರೆ ನೆಲೆ ಹುಡುಕಬೇಕಾಯಿತು. ತಮ್ಮ ಕೆಲಸಕ್ಕೆಂದೇ ಮಾಡಿದ ಸಾಧನದ ಬೆಲೆ ಆಗ ಅರಿವಾಯಿತು.

ಲೈಬ್ರರಿಹೆಲ್ಪ್‌ನ ಗುಟ್ಟು ಇಷ್ಟೇ. ಪುಟದ ಮೇಲಿನ ಪೆಟ್ಟಿಗೆ ಯಾವ ವ್ಯಕ್ತಿಗೂ ಸೇರಿದ್ದಲ್ಲ. ಅದರ ಹಿಂದಿರುವುದು ಒಂದು ಸರದಿ. ಪ್ರಶ್ನೆ ಬಂದೊಡನೆ ಆ ಸರದಿಯಲ್ಲಿ ಬಿಡುವಾಗಿರುವ ಎಲ್ಲರ ಪರದೆಯಲ್ಲೂ ಗಂಟೆ ಮೊಳಗುತ್ತದೆ. ಮೊದಲು ಉತ್ತರಿಸಿದವರಿಗೆ ಮಾತು ದಕ್ಕುತ್ತದೆ, ಉಳಿದವರ ಗಂಟೆ ನಿಲ್ಲುತ್ತದೆ. ತಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇಲ್ಲವೆಂದರೆ ಪ್ರಶ್ನೆ ಮುಂದಿನ ಸರದಿಗೆ ದಾಟುತ್ತದೆ. ಅಲ್ಲೂ ಯಾರೂ ಇಲ್ಲದಿದ್ದರೆ, ಈಗ ಸೇವೆಯಿಲ್ಲವೆಂದು ಪೆಟ್ಟಿಗೆಯೇ ತಿಳಿಸುತ್ತದೆ.