ಪಿಕಪ್ ಗಾಡಿಯ ತಂಪು ಎಲ್ಲಿ ಹೋಯಿತು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಶಿವಮೊಗ್ಗದ ನಮ್ಮ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು ಒಂದು ಪ್ರಶ್ನೆ ಕೇಳಿದಳು. ಅವಳ ತಂದೆ ಪಿಕಪ್ ಗಾಡಿಯಲ್ಲಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸರಕು ಸಾಗಿಸುವವರು. ಗಾಡಿಯ ಹವಾನಿಯಂತ್ರಣವು ಮಾಚೇನಹಳ್ಳಿಯ ಆಚೀಚೆ ಹೆದ್ದಾರಿಯಲ್ಲಿ ಓಡುವಾಗ ಚೆನ್ನಾಗಿಯೇ ತಂಪು ಕೊಡುತ್ತದೆ. ಊರೊಳಕ್ಕೆ ಬಂದು ಸಂಚಾರದೀಪದ ಮುಂದೆ ನಿಂತೊಡನೆ ಬೆಚ್ಚನೆಯ ಗಾಳಿ ಊದತೊಡಗುತ್ತದೆ. ಕಾರ್ಯಾಗಾರವೊಂದರಲ್ಲಿ ತೋರಿಸಿದಾಗ, "ಅನಿಲ ತುಂಬ ಇದೆ, ಕಂಪ್ರೆಸರ್ ಹೋಗಿದೆ, ಬದಲಿಸಲು 28 ಸಾವಿರ ರೂಪಾಯಿ" ಎಂದರಂತೆ. ಮನೆಯಲ್ಲಿ ಅಷ್ಟು ಹಣವಿದ್ದುದು ಅವಳ ಮುಂದಿನ ವರ್ಷದ ಶುಲ್ಕಕ್ಕೆಂದು ತೆಗೆದಿರಿಸಿದ್ದು ಮಾತ್ರ. "ಕಂಪ್ರೆಸರ್ ಕೆಟ್ಟಿದ್ದರೆ ಓಡುವಾಗ ಮಾತ್ರ ತಂಪಾಗುವುದು ಹೇಗೆ?" ಎಂಬುದು ಅವಳ ಪ್ರಶ್ನೆ. ನಾವು ಪರೀಕ್ಷೆಗೆ ಕೊಡುವ ಎಷ್ಟೋ ಪ್ರಶ್ನೆಗಳಿಗಿಂತ ಇದು ಮೇಲಾದುದೆಂದು ನಮಗೆ ತೋರಿತು.

ಹವಾನಿಯಂತ್ರಣ ಯಂತ್ರವು ತಂಪನ್ನು ತಯಾರಿಸುತ್ತದೆಂದು ಬಗೆಯುವುದು ತಪ್ಪು. ಅದು ಮಾಡುವುದು ಕೂಲಿಯ ಕೆಲಸ: ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದು. ಅಂಗೈಗೆ ಸ್ಪಿರಿಟ್ ಸವರಿಕೊಂಡಾಗ ಅದು ಆವಿಯಾಗುತ್ತ ಕೈಯಿಂದ ಶಾಖವನ್ನು ಹೀರಿ ತಣ್ಣಗೆ ಮಾಡುವುದನ್ನು ಎಲ್ಲರೂ ಬಲ್ಲರು. ಗಾಡಿಯಲ್ಲಿ ಸ್ಪಿರಿಟ್ಟಿನ ಬದಲು ಆರ್-134ಎ ಎಂಬ ದ್ರವವಿರುತ್ತದೆ. ವಾಯುಮಂಡಲದ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಸೆಂಟಿಗ್ರೇಡ್ ಕೆಳಗೇ ಕುದಿಯುತ್ತದೆ. ಚಾಲಕನ ಮುಂದಿನ ಫಲಕದ ಹಿಂದೆ ಅಡಗಿರುವ ಕೊಳವೆಗಳ ಜಾಲದಲ್ಲಿ, ಎಂದರೆ ಬಾಷ್ಪಕದಲ್ಲಿ, ಒತ್ತಡವನ್ನು ವಾಯುಮಂಡಲದ 3 ಪಟ್ಟಿನ ಸುಮಾರಿಗೆ ಇಟ್ಟರೆ ಅದು 0 ಡಿಗ್ರಿಯ ಹತ್ತಿರ ಕುದಿದು, ಒಂದೊಂದು ಗ್ರಾಮಿಗೂ ಸುಮಾರು 200 ಜೂಲ್ ಶಾಖವನ್ನು ಒಳಗಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರ್ ಅದುಮುತ್ತದೆ. ಒತ್ತಡ 13 ಪಟ್ಟಾದರೆ ಅದೇ ಆವಿ 50 ಡಿಗ್ರಿಯಲ್ಲಿಯೂ ದ್ರವವಾಗಲು ಸಿದ್ಧ. 36 ಡಿಗ್ರಿಯ ಹೊರಗಾಳಿ 50 ಡಿಗ್ರಿಯ ಆವಿಗೆ ತಂಪೇ ತಾನೆ! ಗಾಡಿಯ ಮುಂಭಾಗದಲ್ಲಿರುವ ಸಾಂದ್ರಕದಲ್ಲಿ, ಮೆಕ್ಯಾನಿಕರು ಕಂಡೆನ್ಸರ್ ಎನ್ನುವ ಜಾಲರಿಯಲ್ಲಿ, ಆವಿ ತನ್ನ ಹೊರೆಯನ್ನು ಇಳಿಸಿ ದ್ರವವಾಗಿ ಮರಳುತ್ತದೆ.

ಇನ್ನು "ಅನಿಲ ತುಂಬ ಇದೆ" ಎಂಬ ತೀರ್ಪನ್ನು ನೋಡೋಣ. ಎಂಜಿನ್ ನಿಲ್ಲಿಸಿ ಮಾಪಕ ಜೋಡಿಸಿ, ಮುಳ್ಳು ಸರಿಯಾದ ಅಂಕದಲ್ಲಿರುವುದನ್ನು ಕಂಡು ಹಾಗೆ ಹೇಳಿದ್ದರಂತೆ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಚ್ಚಿದ ಪಾತ್ರೆಯಲ್ಲಿ ದ್ರವವೂ ಅದರ ಆವಿಯೂ ಒಟ್ಟಿಗಿರುವಾಗ ಒತ್ತಡವನ್ನು ನಿರ್ಧರಿಸುವುದು ಉಷ್ಣತೆಯೊಂದೇ. ದ್ರವ ಎಷ್ಟಿದೆ ಎಂಬುದಲ್ಲ. 36 ಡಿಗ್ರಿಯಲ್ಲಿ ಆರ್-134ಎ ಆವಿಯ ಒತ್ತಡ ಸುಮಾರು 9 ಪಟ್ಟು. ಅರ್ಧ ಕಿಲೋಗ್ರಾಂ ಇರಬೇಕಾದಲ್ಲಿ ಕಾಲು ಕಿಲೋಗ್ರಾಮೇ ಉಳಿದಿದ್ದರೂ ಮುಳ್ಳು ಅಲ್ಲಿಯೇ ನಿಂತೀತು. ಅಡುಗೆಮನೆಯ ಅನಿಲದ ಸಿಲಿಂಡರು ಮುಕ್ಕಾಲು ಬರಿದಾದರೂ ಒಲೆ ಮೊದಲಿನಂತೆಯೇ ಉರಿಯುವುದು ಬಹುಮಟ್ಟಿಗೆ ಇದೇ ಕಾರಣದಿಂದ. ನಿಂತ ಯಂತ್ರದ ಮಾಪಕವು "ಅನಿಲ ಪೂರ್ತಿ ಸೋರಿಹೋಗಿಲ್ಲ" ಎಂದಷ್ಟೇ ಹೇಳಬಲ್ಲದು. ಪ್ರಮಾಣ ತಿಳಿಯಬೇಕಾದರೆ ಹೊರತೆಗೆದು ತೂಗಬೇಕು.

ವಿದ್ಯಾರ್ಥಿನಿಯ ತರ್ಕವೂ ಅರ್ಧ ಮಾತ್ರ ಸರಿ ಎಂದು ನಾವು ಹೇಳಬೇಕಾಯಿತು. ಸವೆದ ಕಂಪ್ರೆಸರು ಎಂಜಿನ್ ವೇಗವಾಗಿ ತಿರುಗುವಾಗ ಹೇಗೋ ಏಗಿ, ನಿಧಾನವಾದಾಗ ಸೋಲಬಹುದು. ಅನಿಲ ಕಡಿಮೆಯಾದ ಗಾಡಿಯೂ ಹೀಗೆ ಆಡಬಹುದು. ಸಾಂದ್ರಕಕ್ಕೆ ಗಾಳಿ ಸಾಲದಿದ್ದರೂ ಹೀಗೆಯೇ ಆಗಬಹುದು, ಏಕೆಂದರೆ ಓಡುವ ಗಾಡಿಗೆ ಎದುರುಗಾಳಿ ತಾನಾಗಿ ದೊರೆಯುತ್ತದೆ, ನಿಂತ ಗಾಡಿಗೆ ಫ್ಯಾನೇ ಗತಿ. ಲಕ್ಷಣ ಒಂದು, ಕಾರಣ ಮೂರು. ಇವನ್ನು ಬೇರ್ಪಡಿಸುವುದು ಎಂಜಿನ್ ನಡೆಯುತ್ತಿರುವಾಗಿನ ಎರಡು ಒತ್ತಡಗಳು. ಅನಿಲ ಕಡಿಮೆಯಿದ್ದರೆ ಎರಡೂ ತಗ್ಗಿರುತ್ತವೆ. ಕಂಪ್ರೆಸರ್ ಸೋತಿದ್ದರೆ ಹೀರುವ ಕಡೆ ಏರಿ, ಅದುಮುವ ಕಡೆ ಇಳಿದು, ಎರಡೂ ಒಂದಕ್ಕೊಂದು ಹತ್ತಿರವಾಗುತ್ತವೆ. ಸಾಂದ್ರಕ ಉಸಿರುಗಟ್ಟಿದ್ದರೆ ಎರಡೂ ಏರುತ್ತವೆ, ಅದುಮುವ ಕಡೆಯಂತೂ ಬಹಳ.

ಭಾನುವಾರ ಗಾಡಿ ನಮ್ಮ ಮನೆಯ ಅಂಗಳಕ್ಕೆ ಬಂದಿತು. ಪರಿಚಿತ ಮೆಕ್ಯಾನಿಕರೊಬ್ಬರು ಮಾಪಕಗಳೊಡನೆ ಬಂದರು. ಒಳಗಿನ ಗಾಳಿಕಿಂಡಿಯಲ್ಲಿ ನಾವು ಒಂದು ಥರ್ಮಾಮೀಟರನ್ನು ಸಿಕ್ಕಿಸಿದೆವು. ನಿಂತಲ್ಲೇ ಎಂಜಿನ್ ನಡೆಸಿದಾಗ ಕಿಂಡಿಯ ಗಾಳಿ 24 ಡಿಗ್ರಿಗೆ ಏರಿತು. ಅದುಮುವ ಕಡೆಯ ಒತ್ತಡ 21 ಪಟ್ಟು! (ಮಾಪಕವು ವಾಯುಮಂಡಲದ ಒತ್ತಡವನ್ನೇ ಸೊನ್ನೆ ಎಂದು ತೋರಿಸುವುದರಿಂದ ಅದರ ಅಂಕಕ್ಕೆ ಒಂದನ್ನು ಕೂಡಿಸಿ ಹೇಳುತ್ತಿದ್ದೇವೆ.) ಅಂದರೆ ಸಾಂದ್ರಕದೊಳಗಿನ ಆವಿ 70 ಡಿಗ್ರಿಯಲ್ಲಿ ದ್ರವವಾಗುತ್ತಿದೆ. ಇಷ್ಟು ಒತ್ತಡ ಹುಟ್ಟಿಸಬಲ್ಲ ಕಂಪ್ರೆಸರನ್ನು ಸತ್ತಿದೆ ಎನ್ನುವುದು ಹೇಗೆ?

ಸಂದೇಹವನ್ನು ತೀರಿಸಲು ಮನೆಯ ನಿಲುಫ್ಯಾನನ್ನು ಗಾಡಿಯ ಮೂತಿಯೆದುರು ನಿಲ್ಲಿಸಿದೆವು. ವಿದ್ಯಾರ್ಥಿನಿ ಫ್ಯಾನನ್ನು ಆಗಾಗ ನಿಲ್ಲಿಸಿ ಸಾಂದ್ರಕದ ಮೇಲೆ ಚೆಂಬಿನಿಂದ ನೀರೆರೆಯುತ್ತಿದ್ದಳು. ಹತ್ತು ನಿಮಿಷದಲ್ಲಿ ಕಿಂಡಿಯ ಗಾಳಿ 12 ಡಿಗ್ರಿಗೆ ಇಳಿಯಿತು, ಒತ್ತಡ 13ಕ್ಕೆ. ಅವಳ ತಂದೆ ಬಾಗಿಲು ಮುಚ್ಚಿಕೊಂಡು ಒಳಗೇ ಕುಳಿತುಬಿಟ್ಟರು. 1923ರಿಂದ ಕಬ್ಬಿಣ ಕರಗಿಸಿ ಹೆಸರಾದ ಭದ್ರಾವತಿಯವರು ಅವರು; ಬಿಸಿಯ ವಿಷಯದಲ್ಲಿ ತಮಗೆ ಪಾಠ ಬೇಡ, ತಂಪಿನ ವಿಷಯ ಹೇಳಿ ಎಂದು ನಕ್ಕರು.

ಮುಂದಿನದು ಸುಲಭ. ಸಾಂದ್ರಕದ ಮುಂದಿನ ವಿದ್ಯುತ್ ಫ್ಯಾನು ತಿರುಗುತ್ತಿರಲಿಲ್ಲ. ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟಾಗ ಗಿರ್ರನೆ ತಿರುಗಿತು, ಮೋಟಾರು ಸರಿಯಿದೆ. ತಂತಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಹಳೆಯ ಮಳೆಗಾಲದ ಕೆಸರುನೀರು ಸೇರಿ ಜೋಡಣೆಯ ತುದಿ ಹಸಿರುಗಟ್ಟಿ ಕೊರೆದುಹೋಗಿತ್ತು. ಸಾಂದ್ರಕದ ಸಂದುಗಳಲ್ಲಿ ಅಡಿಕೆ ಸಿಪ್ಪೆಯ ನಾರು ಬೇರೆ! ಹೊಸ ಜೋಡಣೆಗೂ ಕೂಲಿಗೂ ಸೇರಿ ಆದದ್ದು 450 ರೂಪಾಯಿ.

ಈ ಪರೀಕ್ಷೆಯನ್ನು ಮಾಡಬಯಸುವವರು ತಿರುಗುವ ಪಟ್ಟಿಗಳಿಂದ ಕೈಯನ್ನು ದೂರವಿಡಬೇಕು. ಅನಿಲದ ಕೊಳವೆಯನ್ನಂತೂ ಸಡಿಲಿಸಲೇಬಾರದು. ಚಿಮ್ಮುವ ದ್ರವ ಚರ್ಮವನ್ನು ಹೆಪ್ಪುಗಟ್ಟಿಸಬಲ್ಲದು. ಅಲ್ಲದೆ ತೂಕಕ್ಕೆ ತೂಕ ಹೋಲಿಸಿದರೆ ಈ ಅನಿಲವು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಬಲವುಳ್ಳದ್ದು. ಓಜೋನ್ ಪದರವನ್ನು ಕೆಡಿಸುತ್ತಿದ್ದ ಆರ್-12ನ್ನು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಕೈಬಿಟ್ಟು ಇದನ್ನು ತಂದರು. 2016ರ ಕಿಗಾಲಿ ತಿದ್ದುಪಡಿಯ ಪ್ರಕಾರ ಇದನ್ನೂ ಕ್ರಮೇಣ ಕಡಿಮೆ ಮಾಡಬೇಕಾಗಿದೆ.

ಮರುವಾರ ವಿದ್ಯಾರ್ಥಿನಿ ಮತ್ತೊಂದು ಪ್ರಶ್ನೆಯೊಡನೆ ಬಂದಳು. ಈಗ ಗಾಡಿ ನಿಂತಲ್ಲೆಲ್ಲ ಅಡಿಯಿಂದ ನೀರು ತೊಟ್ಟಿಕ್ಕುತ್ತಿದೆಯಂತೆ. ಮತ್ತೆ ಏನೋ ಸೋರುತ್ತಿದೆಯೆಂದು ತಂದೆಗೆ ಭಯ. ತಣ್ಣನೆಯ ಬಾಷ್ಪಕದ ಮೇಲೆ ಗಾಳಿಯ ತೇವವು ಹನಿಗಟ್ಟಿ ಇಳಿಯುತ್ತಿದೆ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಎಂದು ಹೇಳಿ ಕಳುಹಿಸಿದೆವು.